ಆಡು ಮುಟ್ಟದ ಸೊಪ್ಪು

ನಮ್ಮ ಮನೆ ಇರೋದು ಕಲಬುರಗಿ ಕೋಟೆ ಹತ್ತಿರದ ಓಣಿಯೊಂದರಲ್ಲಿ. ಅಪ್ಪ ತೀರಿಕೊಂಡ ಮೇಲೆ ಕಮಲಾಪುರದ ಕಡೆಯ ನಮ್ಮ ಹಳ್ಳಿಯಿಂದ ಅವ್ವನನ್ನು ಇಲ್ಲಿಗೆ ಕರಕೊಂಡು ಬಂದೆ. ನನ್ನ ಕಂಪನಿ ಬೆಂಗಳೂರಿನದು, ಕೆಲಸ ಮನೆಯಿಂದ. ಹಿತ್ತಲಲ್ಲಿ ಹತ್ತಡಿ ಅಗಲದ ಮಣ್ಣಿತ್ತು. ಅವ್ವ ಅಲ್ಲಿ ತುಳಸಿ ಹಚ್ಚಿದಳು, ಮಲ್ಲಿಗೆ ಹಚ್ಚಿದಳು. ಎರಡು ವರ್ಷ ಎಲ್ಲಾ ಚೆನ್ನಾಗಿತ್ತು.

ಆಮೇಲೆ ಪಕ್ಕದ ಮನೆ ಮೂರು ಅಂತಸ್ತಾಯಿತು. ಹಿತ್ತಲಿಗೆ ಮೂರು ಕಡೆ ಗೋಡೆ. ಬೇಸಿಗೆಯಲ್ಲಿ ನಡುಮಧ್ಯಾಹ್ನ ಅರ್ಧ ತಾಸು ಬಿಸಿಲು ಬಿದ್ದರೆ ಹೆಚ್ಚು, ಚಳಿಗಾಲದಲ್ಲಿ ಅದೂ ಇಲ್ಲ. ಮಲ್ಲಿಗೆ ಹೂ ಬಿಡೋದು ನಿಲ್ಲಿಸಿತು. ದೀಪಾವಳಿ ಹೊತ್ತಿಗೆ ತುಳಸಿ ಒಣಗಿತು.

ಅವ್ವ ಪಕ್ಕದವರಿಗೆ ಏನೂ ಅನ್ನಲಿಲ್ಲ. ನನಗೆ ಮಾತ್ರ ಹೇಳಿದಳು: "ತಮ್ಮಾ, ನಾ ಊರಿಗಿ ಹೋಗ್ತೀನಿ. ತುಳಸಿನೇ ನಿಲ್ಲಲಾರದ ಮನ್ಯಾಗ ನಾ ಹ್ಯಾಂಗ ನಿಲ್ಲಲಿ?"

"ಒಂದು ವರ್ಷ ತಡಿ ಅವ್ವಾ" ಅಂದೆ.

ಅಲ್ಲಿಂದ ಶುರುವಾಯಿತು ನನ್ನ ಗೂಗಲ್ ಕೃಷಿ. ನೆರಳಿನ ತೋಟ ಅಂತ ಹುಡುಕಿದರೆ ಎಲ್ಲಾ ಕಡೆ ಒಂದೇ ಗಿಡ: ಫ್ಯಾಟ್ಸಿಯಾ ಜಪೋನಿಕಾ. ಜಪಾನಿನ ಕಡೆಯದು. ವರ್ಷವಿಡೀ ಹಸಿರು, ಅಂಗೈ ಬಿಚ್ಚಿದಂಥ ದೊಡ್ಡ ಎಲೆ, ಬಿಸಿಲಿಲ್ಲದ ಮೂಲೆಗೆ ಹೇಳಿ ಮಾಡಿಸಿದ್ದು. ಆನ್‌ಲೈನಿನಲ್ಲಿ 850 ರೂಪಾಯಿ ಕೊಟ್ಟು ತರಿಸಿದೆ. ಡಬ್ಬಿ ಬಿಚ್ಚುತ್ತಿದ್ದಂಗೆ ಅವ್ವ ನಕ್ಕಳು. "ಔಡಲ ಗಿಡಕ್ಕ ಇಷ್ಟು ರೊಕ್ಕ ಕೊಟ್ಟಿಯೇನೋ? ನಮ್ಮೂರ ತಿಪ್ಪಿ ಮ್ಯಾಲ ಬೇಕಾದಷ್ಟು ಅದಾವ." ಆಮೇಲೆ ಓದಿದರೆ ಇಂಗ್ಲೆಂಡಿನಲ್ಲಿ ಇದರ ಅಡ್ಡಹೆಸರೇ 'ಸುಳ್ಳು ಔಡಲ'!

ಫೆಬ್ರವರಿಯಲ್ಲಿ ಬಂದ ಗಿಡ ಮೇ ದಾಟಲಿಲ್ಲ. ಅದಕ್ಕೆ ನೆರಳು ಬೇಕು ನಿಜ, ಆದರೆ ತಂಪು ನೆರಳು. ನಮ್ಮದು 42 ಡಿಗ್ರಿಯ ನೆರಳು. ಮೇಲಾಗಿ ಎರೆಮಣ್ಣು, ಬಿಸಿಲಿಲ್ಲದ ಜಾಗದಲ್ಲಿ ನೀರು ಹಿಡಿದಿಟ್ಟುಕೊಂಡು ಬೇರು ಕೊಳೆಸಿಬಿಡ್ತದೆ. ನಮ್ಮ ಡೆವಲಪರ್‌ಗಳ ಹಳೇ ನೆಪ ಗೊತ್ತಲ್ಲ, 'ನನ್ನ ಮಷೀನಿನಲ್ಲಿ ಸರಿಯಾಗೇ ಓಡ್ತಿದೆ' ಅಂತ? ಯಾರದೋ ಲಂಡನ್ ಹಿತ್ತಲಲ್ಲಿ ಓಡಿದ್ದನ್ನು ನಾನು ಸೀದಾ ಕಲಬುರಗಿಯ ಪ್ರೊಡಕ್ಷನ್‌ಗೆ ಹಾಕಿದ್ದೆ.

ಬೇಜಾರಾಗಿ ಒಂದು ಮಧ್ಯಾಹ್ನ ಕೋಟೆಯೊಳಗೆ ಹೋಗಿ ಕೂತೆ. ಅಲ್ಲಿನ ಜಾಮಿ ಮಸೀದಿ 1367ರದು, ಬಹಮನಿಗಳ ಕಾಲದ್ದು. ಬೇರೆ ಮಸೀದಿಗಳಿಗೆ ಇರೋ ಹಾಗೆ ನಡುವೆ ತೆರೆದ ಅಂಗಳ ಇಲ್ಲ, ಪೂರ್ತಿ ಮೇಲ್ಛಾವಣಿ. ಆದರೂ ಒಳಗೆ ಕತ್ತಲೆ ಇಲ್ಲ. ಬದಿಯ ಕಮಾನುಗಳಿಂದ ಬಂದ ಬೆಳಕು ಗೋಡೆಗೆ ಬಡಿದು ಒಳಗೆಲ್ಲಾ ಹರಡ್ತದೆ. ನಮಗೆ ಬೇಕಾಗಿದ್ದೂ ಅಷ್ಟೇ. ಮರುದಿನ ಪಕ್ಕದವರನ್ನು ಕೇಳಿ, ಹಿತ್ತಲ ಕಡೆ ಇದ್ದ ಅವರ ಗೋಡೆಗೂ ನಮ್ಮ ಗೋಡೆಗೂ ಸುಣ್ಣ ಹೊಡೆಸಿದೆ.

"ಇನ್ನ ಏನು ಹಚ್ಚೋಣ ಅವ್ವಾ? ಕಮಲಾಪುರದ ಕೆಂಪು ಬಾಳೆ?"

"ಬಾಳಿಗಿ ಬಿಸಿಲು ಬೇಕು. ಆಡುಸೋಗೆ ಹಚ್ಚು."

ನನಗೆ ನೆನಪಾಗಿದ್ದು ಹಳ್ಳಿಯ ಮನೆಯ ಬೇಲಿ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಆದರೆ ಇದರ ಕಹಿಗೆ ಆಡೂ ಬಾಯಿ ಹಾಕೋದಿಲ್ಲ. ನಿತ್ಯ ಹಸಿರು ಪೊದೆ, ಉದ್ದನೆ ಅಗಲ ಎಲೆ, ಚಳಿಗಾಲ ಮುಗಿಯೋ ಹೊತ್ತಿಗೆ ಬಿಳಿ ಹೂ. ನಮ್ಮ ಬಿಸಿಲೂ ಗೊತ್ತು, ಮರದ ಕೆಳಗಿನ ನೆರಳೂ ಗೊತ್ತು. ಕೆಮ್ಮಿಗೆ ಮನೆಮದ್ದು, ಕೆಮ್ಮಿನ ಸಿರಪ್ಪಿನಲ್ಲಿರೋ ಬ್ರೋಮ್‌ಹೆಕ್ಸಿನ್ ಅನ್ನೋ ಔಷಧ ತಯಾರಾಗಿದ್ದು ಇದರಲ್ಲಿರೋ ವ್ಯಾಸಿಸಿನ್ ಅನ್ನು ಮಾದರಿ ಇಟ್ಟುಕೊಂಡೇ. ಬಸುರಿಯರು ಮಾತ್ರ ಇದನ್ನು ಕುಡಿಯಬಾರದು.

ಜುಲೈಯಲ್ಲಿ ಊರಿಂದ ಹತ್ತು ಕಡ್ಡಿ ತಂದೆವು. ಗೇಣುದ್ದದ್ದು, ಮೂರ್ನಾಲ್ಕು ಗೆಣ್ಣು ಇರೋವು. ಎರಡು ಗೆಣ್ಣು ಮಣ್ಣೊಳಗೆ. ಎರೆಮಣ್ಣಿಗೆ ಅರ್ಧದಷ್ಟು ಮರಳು, ಹಳೇ ತಿಪ್ಪೆಗೊಬ್ಬರ. ಬೆರಳು ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ನೀರು. ಏಳು ಚಿಗುರಿದವು. ತುದಿ ಚಿವುಟಿದಷ್ಟೂ ಪೊದೆ ದಟ್ಟ. ನೆರಳಲ್ಲಿ ಎಲೆ ಊರಿನದಕ್ಕಿಂತ ಅಗಲ ಆದವು, ತೆಳ್ಳಗೂ ಆದವು. ಸಿಕ್ಕ ಸ್ವಲ್ಪ ಬೆಳಕನ್ನೇ ಹಿಡಿಯೋಕೆ ಗಿಡ ಮಾಡೋ ಉಪಾಯ ಅದು. ಎಲೆ ಮೇಲೆ ಧೂಳು ಕೂತರೆ ಆ ಬೆಳಕೂ ಹೋಯಿತು. ಅದಕ್ಕೇ ಅವ್ವ ವಾರಕ್ಕೊಮ್ಮೆ ಹಸಿ ಬಟ್ಟೆಯಿಂದ ಎಲೆ ಒರೆಸ್ತಾಳೆ.

ಎಲ್ಲಾ ಸರಿಹೋಯಿತು ಅಂತ ಹೇಳಲಾರೆ. ತುಳಸಿ ಈಗ ಮಾಳಿಗೆ ಮೇಲಿನ ಕುಂಡದಲ್ಲಿದೆ, ಮೊಣಕಾಲು ನೋವಿನ ಅವ್ವ ದಿನಾ ಮೆಟ್ಟಿಲು ಹತ್ತಬೇಕು. ಊರಿನ ಆಸೆಯೂ ಬಿಟ್ಟಿಲ್ಲ. ಈ ಸಲ ತೊಗರಿ ರಾಶಿಗೆ ಅಂತ ಹೋದವಳು ತಿಂಗಳಾದರೂ ಬರಲಿಲ್ಲ. ಇನ್ನು ಬರೋದಿಲ್ಲವೇನೋ ಅಂದುಕೊಂಡಿದ್ದೆ.

ಮೊನ್ನೆ ಫೋನ್ ಮಾಡಿದಳು. ನನ್ನ ಊಟ ಕೇಳಲಿಲ್ಲ, ಕೆಲಸ ಕೇಳಲಿಲ್ಲ. "ಹೂ ಬಿಟ್ಟದೇನು?"

"ಮೊಗ್ಗು ಬಂದಾವ ಅವ್ವಾ."

"ಹಂಗಾರ ಈಗ ಚಿವುಟಬ್ಯಾಡ. ಐತಾರ ನಾ ಬರ್ತೀನಿ."