ಗೂಗಲ್‌ನಿಂದ ಮಲ್ಲಯ್ಯನ ಬೆಟ್ಟಕ್ಕೆ...

ನಮ್ಮೂರ ಹೆಸರು ಗೂಗಲ್. ನಗಬೇಡಿ, ನಿಜವಾಗ್ಲೂ :) ನೀವೆಲ್ಲ ದಿನಾ ಹುಡುಕಾಡೋ ಆ ಗೂಗಲ್ ಹುಟ್ಟಿದ್ದು 1998ರಲ್ಲಿ. ನಮ್ಮದು ಅದಕ್ಕಿಂತ ಎಷ್ಟೋ ಹಳೇದು. ರಾಯಚೂರು ಜಿಲ್ಲೆ ದೇವದುರ್ಗ ತಾಲೂಕಿನಲ್ಲಿ, ಕೃಷ್ಣಾ ನದಿ ದಂಡೆ ಮೇಲಿದೆ. ಊರಲ್ಲಿ ಅಲ್ಲಮಪ್ರಭುವಿನ ಗುಡಿ ಇದೆ. ಅಲ್ಲಮ ಕೊನೆಗೆ ಶ್ರೀಶೈಲದ ಕದಳಿಯಲ್ಲಿ ಬಯಲಾದ ಅಂತಾರಲ್ಲ, ನಮ್ಮ ಹೊಳೆಯೂ ಆ ಬೆಟ್ಟದ ಕೆಳಗೇ ಹರಿಯುತ್ತೆ. ಅಲ್ಲಿ ಅದರ ಹೆಸರು ಪಾತಾಳಗಂಗೆ.

ಆಫೀಸಿನಲ್ಲಿ ಮಿಜೋರಾಮಿನ ಗೆಳೆಯನೊಬ್ಬ ಇದ್ದಾನೆ. ಮಾರ್ಚ್ ಬಂತೆಂದರೆ ಚಾಪ್ಚಾರ್ ಕುಟ್ ಅಂತ ಐಜಾಲ್‌ಗೆ ಓಡ್ತಾನೆ. ಬೇಸಾಯಕ್ಕೆಂದು ಬಿದಿರು ಕಾಡು ಕಡಿದು, ಅದು ಒಣಗೋವರೆಗೆ ಸಿಗುವ ಬಿಡುವಿನಲ್ಲಿ ಮಾಡುವ ಹಬ್ಬವಂತೆ. "ನಿಮ್ಮಲ್ಲಿ?" ಅಂತ ಕೇಳಿದ. ನಮ್ಮಲ್ಲೂ ಹಾಗೇ ಇತ್ತು. ಜೋಳದ ರಾಶಿ ಮುಗಿದ ಮೇಲೆ ಯುಗಾದಿಗೆ ಮಲ್ಲಯ್ಯನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯೋದು. ಈಗ ನಾರಾಯಣಪುರ ಬಲದಂಡೆ ಕಾಲುವೆ ಬಂದು ಎರಡನೇ ಬೆಳೆಯೂ ಬತ್ತ ಆಗಿರೋ ಕಡೆ ಆ ಬಿಡುವೇ ಇಲ್ಲ. ನಮ್ಮಣ್ಣ ಅದೇ ಕಾರಣಕ್ಕೆ ಬರಲಿಲ್ಲ.

ನಮ್ಮಪ್ಪ ಮಾತ್ರ ಬೆಳೆ ಏನೇ ಇರಲಿ, ವರ್ಷಾ ಹೋಗ್ತಿದ್ದ. 2022ರ ಶ್ರಾವಣದಲ್ಲಿ ತೀರಿಕೊಂಡ. ಬೆಟ್ಟದ ಭ್ರಮರಾಂಬೆ ನಮ್ಮ ಕಡೆಯವರಿಗೆ ಮನೆಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ತವರಿನಿಂದ ಸೀರೆ, ಅರಿಷಿಣ, ಕುಂಕುಮ ಹೋಗಲೇಬೇಕು. 2023ರ ಯುಗಾದಿ ಹತ್ತಿರ ಬಂದಾಗ ಅವ್ವ ಅಪ್ಪನ ಚೀಲದಲ್ಲಿ ಇಳಕಲ್ ಸೀರೆ ಇಟ್ಟು, "ನಾನಾ ಒಯ್ತೀನಿ" ಅಂದಳು.

ಓಣಿಯ ಹಿರಿಯರೊಬ್ಬರು ಬಾಯಿ ಹಾಕಿದರು. ಉಡಿ ತುಂಬೋದು ಮುತ್ತೈದೆಯರ ಕೆಲಸ, ಸೊಸೆ ಕೈಲಿ ಕಳಿಸು ಅಂತ. ಅವ್ವ ಏನೂ ಅನ್ನಲಿಲ್ಲ. ನನಗೆ ಉರಿದುಹೋಯ್ತು. ಆದರೆ ಸಿಟ್ಟಿಗಿಂತ ಹೆಚ್ಚಾಗಿ, ಅಲ್ಲಿಗೆ ಹೋದ ಮೇಲೆ ಯಾರಾದರೂ ಹೀಗೇ ಅಂದುಬಿಟ್ಟರೆ ಅನ್ನೋ ಅಳುಕು.

ಇಡೀ ದಾರಿ ನಡೆಯೋ ಮೊಣಕಾಲು ಅವ್ವನದಲ್ಲ. ಕರ್ನೂಲು, ಆತ್ಮಕೂರು ದಾಟಿ ವೆಂಕಟಾಪುರದವರೆಗೆ ಗಾಡಿ, ಆಮೇಲೆ ನಲ್ಲಮಲ ಕಾಡಿನೊಳಗೆ ನಡಿಗೆ ಅಂತ ಒಪ್ಪಂದ ಆಯ್ತು. ಹುಲಿ ಕಾಡು ಸ್ವಾಮಿ ಅದು! ಆದರೆ ಯುಗಾದಿಗೆ ಅಲ್ಲಿ ಕೇಳೋದೆಲ್ಲ ಕನ್ನಡ. ವಿಜಯಪುರ, ಬಾಗಲಕೋಟೆ, ಬೆಳಗಾವಿಯಿಂದ ದಿನಗಟ್ಟಲೆ ನಡೆದು ಬಂದವರು, ಪಾದಕ್ಕೆ ಬಟ್ಟೆ ಸುತ್ತಿಕೊಂಡವರು, ಮರಗಾಲು ಕಟ್ಟಿಕೊಂಡು ನಡೆಯೋರೂ ಇದ್ದರು. ದಾರಿಯುದ್ದಕ್ಕೂ ದಾಸೋಹ. ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ. "ಉಣ್ಣರಿ ಯಪ್ಪಾ, ಉಂಡು ಹೋಗ್ರಿ" ಅಂತ ಕೈ ಹಿಡಿದು ಎಳೀತಾರೆ. ಬೆಂಗಳೂರಲ್ಲಿ ನನ್ನನ್ನ ಹೀಗೆ ಯಾರೂ ಎಳೆದಿಲ್ಲ ಬಿಡಿ.

ಕಷ್ಟ ಆಗಿದ್ದು ಭೀಮನ ಕೊಳದಲ್ಲಿ. ಕಣಿವೆಗೆ ಇಳಿದು ಮತ್ತೆ ಕೈಲಾಸ ದ್ವಾರದವರೆಗೆ ಮೆಟ್ಟಿಲು ಹತ್ತಬೇಕು. ಅವ್ವ ಒಂದೊಂದೇ ಮೆಟ್ಟಿಲಿಗೆ ಕೂತಳು. ಚೀಲ ಕೊಡು ಅಂದರೆ ಕೊಡಲಿಲ್ಲ. ಪಕ್ಕದಲ್ಲಿ ಕೂತ, ಇಳಕಲ್ ಕಡೆಯ ಅಜ್ಜಿಯೊಬ್ಬರು ಏನದು ಅಂತ ಕೇಳಿದರು. ಅವ್ವ ಸೀರೆ ವಿಷಯ ಹೇಳಿದಳು, ಊರಿನ ಮಾತನ್ನೂ ಹೇಳಿದಳು. ನನ್ನ ಹತ್ತಿರ ಒಮ್ಮೆಯೂ ಆಡದ ಮಾತು, ಹೆಸರೂ ಗೊತ್ತಿಲ್ಲದ ಆ ಅಜ್ಜಿಯ ಹತ್ತಿರ.

ಅಜ್ಜಿ ಎಲೆ ಅಡಿಕೆ ಉಗುಳಿ, "ತಾಯಿ ಸೀರಿ ತಂದ್ರ ಮಗಳು ಬ್ಯಾಡ ಅಂತಾಳೇನಬೇ? ಏಳು, ಬಿಸಲಾಗ್ತದ" ಅಂದರು. ಇಬ್ಬರೂ ಕೈ ಕೈ ಹಿಡಿದು ಹತ್ತಿದರು.

ಊರು ತುಂಬಾ ಜನ. ಅಮಾವಾಸ್ಯೆ ರಾತ್ರಿ ವೀರಾಚಾರ, ಅಗ್ನಿಕುಂಡ ಹಾಯೋದು. ಕೆನ್ನೆಗೆ ಶಸ್ತ್ರ ಚುಚ್ಚಿಕೊಂಡವರನ್ನು ನೋಡೋಕೆ ನನ್ನಿಂದ ಆಗಲಿಲ್ಲ, ಅವ್ವ ಮಾತ್ರ ಕಣ್ಣು ಮಿಟುಕಿಸದೆ ನೋಡಿದಳು. ಯುಗಾದಿ ದಿನ ಅಮ್ಮನವರ ಗುಡಿಯಲ್ಲಿ ನಿಲ್ಲೋಕೆ ಸಿಕ್ಕಿದ್ದು ಕೆಲವೇ ಕ್ಷಣ. ಹಿಂದಿನಿಂದ ತಳ್ಳಾಟ. ಸೀರೆ ತೊಗೊಂಡವರು ಅವ್ವನ ಹಣೆ ನೋಡಲಿಲ್ಲ, ಏನೂ ಕೇಳಲಿಲ್ಲ. ಅವ್ವ ಒಂದೇ ಮಾತು ಅಂದಳು, ನನಗೆ ಕೇಳಿಸ್ತು: "ಈ ಸಲ ನಿಮ್ಮಪ್ಪ ಬರಲಿಲ್ಲವ್ವಾ."

ಹೊರಗೆ ಬಂದು ಬಹಳ ಹೊತ್ತು ಕಟ್ಟೆ ಮೇಲೆ ಕೂತಿದ್ದಳು. ಆಮೇಲೆ ಖಾಲಿ ಚೀಲ ಝಾಡಿಸಿ ಮಡಚಿ, ಪಾತಾಳಗಂಗೆಗೆ ಹೋಗೋಣ ಅಂದಳು. ಅಲ್ಲಿ ನೀರಿಗೆ ಕೈ ಹಾಕಿ, "ನಮ್ಮೂರ ಹೊಳಿ ಇಲ್ಲಿ ಎಷ್ಟು ದೊಡ್ಡದಾಗ್ಯದ ನೋಡೋ" ಅಂತ ನಕ್ಕಳು. ಅಣೆಕಟ್ಟೆ ಹಿನ್ನೀರು ಅವ್ವಾ ಅದು ಅಂತ ಹೇಳೋಕೆ ಹೋಗಲಿಲ್ಲ.