ಮೂರು ಆಟೀನು, ಒಂದು ಜೋಡಿ

ಇಸ್ಪೀಟೆಂದೊಡನೆ ಮೂಗು ಮುರಿಯುವ ಸಭ್ಯರೂ ರಜೆಯ ಮಧ್ಯಾಹ್ನ ‘ಇಪ್ಪತ್ತೆಂಟು’ ಆಡಲು ನಾಲ್ಕನೆಯವರು ದೊರೆಯದಾಗ ಮರುಗುವುದನ್ನು ಕಾಸರಗೋಡಿನ ಜಗಲಿಗಳಲ್ಲಿ ನಾವು ಕಂಡಿದ್ದೇವೆ. ಆದಕಾರಣ ಪೋಕರ್ ಆಟದ ಒಂದು ಸಂದಿಗ್ಧವನ್ನು ಕುರಿತು ನಾಲ್ಕು ಮಾತು ಬರೆದರೆ ವಾಚಕರು ಮುನಿಯಲಾರರೆಂಬ ಧೈರ್ಯ ನಮಗಿದೆ.

ಈ ಆಟದ ಹೆಚ್ಚು ಬಳಕೆಯ ಬಗೆಯು ಅಮೆರಿಕದ ಟೆಕ್ಸಸ್ ಪ್ರಾಂತ್ಯದ್ದು. ಅಲ್ಲಿಯ ಶಾಸನಸಭೆಯು ೨೦೦೭ರಲ್ಲಿ ರಾಬ್ಸ್‌ಟೌನ್ ಎಂಬ ಊರನ್ನು ಇದರ ಜನ್ಮಸ್ಥಳವೆಂದು ಮನ್ನಿಸಿತು. ಪ್ರತಿಯೊಬ್ಬನಿಗೂ ಮುಚ್ಚಿದ ಎರಡೆಲೆ; ಎಲ್ಲರಿಗೂ ಸಲ್ಲುವ ಐದೆಲೆ ಮೇಜಿನ ಮೇಲೆ. ಆ ಐದರಲ್ಲಿ ಮೊದಲ ಮೂರನ್ನು ಒಮ್ಮೆಗೇ ತೆರೆಯುವುದಕ್ಕೆ ಫ್ಲಾಪ್ ಎಂದು ಹೆಸರು. ಉಳಿದೆರಡು ಒಂದೊಂದಾಗಿ ಬರುತ್ತವೆ. ನಡುನಡುವೆ ಪಣ. (ಇಪ್ಪತ್ತೆಂಟರಲ್ಲಿ ಎಲ್ಲರ ತಲೆಯ ಮೇಲೆ ಮೆರೆಯುವ ಗುಲಾಮನಿಗೆ ಇಲ್ಲಿ ರಾಜರಾಣಿಯರ ಕೆಳಗೆ ಪೀಠ. ಅನ್ಯಾಯವೇ ಸರಿ!) ಒಂದೇ ರಂಗಿನ ಐದೆಲೆ ಕೂಡಿದರೆ ಯಾವ ಜೋಡಿಯೂ ಅದರ ಮುಂದೆ ನಿಲ್ಲದು.

ನಮ್ಮ ಕೈಯಲ್ಲಿ ಇಸ್ಪೀಟು ರಾಜ, ಕಳಾವರು ರಾಣಿ ಇವೆಯೆನ್ನಿ. ಮೇಜಿನ ಮೇಲೆ ಆಟೀನು ರಾಜ, ಆಟೀನು ಒಂಬತ್ತು, ಆಟೀನು ನಾಲ್ಕು. ರಾಜನ ಜೋಡಿ ನಮ್ಮದು. ಆದರೆ ಮೇಜೆಲ್ಲ ಕೆಂಪು. ಮುಂದೇನು?

ಇದು ನಮ್ಮ ತಮ್ಮನ ಪ್ರಶ್ನೆ. ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದ ಆತನು ಮೊಬೈಲಿನಲ್ಲಿ ಹಣವಿಟ್ಟು ಈ ಆಟವಾಡಿದನು. ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯು ೨೦೨೫ರ ಆಗಸ್ಟಿನಲ್ಲಿ ಬರುವಷ್ಟರಲ್ಲಿ ಅಮ್ಮನ ಎರಡು ಬಳೆಗಳು ಅಡವು ಸೇರಿದ್ದವು. ಊರಿಗೆ ಬಂದವನು ಬಳೆಯ ಮಾತೆತ್ತಲಿಲ್ಲ. “ಅಕ್ಕಾ, ದೊಡ್ಡ ಜೋಡಿ ಕೈಯಲ್ಲಿದ್ದಾಗಲೇ ನಾನು ಹೆಚ್ಚು ಸೋತೆ. ಅದೇಕೆ?” ಎಂದನು. ಉಪದೇಶಕ್ಕೆ ನಾಲಗೆ ತುರಿಸಿತು. ಆದರೆ ಕೇಳಿದ್ದು ಲೆಕ್ಕ; ಲೆಕ್ಕ ಕೇಳಿದ ಮಗುವಿಗೆ ನೀತಿಪಾಠ ಹೇಳಬಾರದೆಂದು ತರಬೇತಿಯಲ್ಲಿ ಕಲಿತವರು ನಾವು. ಹುಣಸೆಬೀಜಗಳನ್ನು ತಂದು ಚಾಪೆಯ ಮೇಲೆ ಕುಳಿತೆವು.

ಕಾಣದ ಎಲೆಗಳು ೪೭. ಅವುಗಳಲ್ಲಿ ಆಟೀನು ೧೦. ಎದುರಾಳಿಗೆ ಬರಬಹುದಾದ ಎರಡೆಲೆಯ ಕೂಟಗಳು ೧,೦೮೧. ಎರಡೂ ಆಟೀನಾಗಿರುವ ಕೂಟಗಳು ಬರಿಯ ೪೫, ಎಂದರೆ ನೂರಕ್ಕೆ ನಾಲ್ಕು. ಒಂದೇ ಆಟೀನಿರುವವು ೩೭೦, ನೂರಕ್ಕೆ ಮೂವತ್ತನಾಲ್ಕು.

“ಹಾಗಾದರೆ ನಾನಾಡಿದ್ದೇ ಸರಿ!” ಎಂದು ತಮ್ಮನು ಹಿಗ್ಗಿದನು.

ಎಲೆ ಹಂಚಿದ ಕ್ಷಣಕ್ಕೆ ಆ ಲೆಕ್ಕ ನಿಜ. ಆದರೆ ಮೂರು ಸಲ ದೊಡ್ಡ ಪಣ ಕಟ್ಟಿದರೂ ಅಲುಗದೆ ಕುಳಿತವನು ಯಾರೋ ಒಬ್ಬನಲ್ಲ. ಬರಿಗೈಯವರು ಮೊದಲೇ ಎದ್ದುಹೋಗಿರುತ್ತಾರೆ. ಉಳಿದವನಲ್ಲಿ ಕೂಡಿದ ರಂಗೋ, ಎರಡು ಜೋಡಿಯೋ, ಆಟೀನು ಎಕ್ಕವೋ ಇರುವುದೇ ಹೆಚ್ಚು. ಎಲೆ ಅದೇ ಆದರೂ ರಾಶಿ ಬೆಳೆದಂತೆ ನಮ್ಮ ರಾಜನ ಜೋಡಿ ಬಡವಾಗುತ್ತದೆ. ತಮ್ಮನು ಇದನ್ನು ಕೇಳಿ ಬಹಳ ಹೊತ್ತು ಬೀಜಗಳನ್ನು ಎಣಿಸುತ್ತಿದ್ದನು.

ಹಾಗೆಂದು ಸುಮ್ಮನಿರುವುದೂ ಜಾಣತನವಲ್ಲ. ಒಂಟಿ ಆಟೀನಿನವನು ಪುಕ್ಕಟೆಯಾಗಿ ಮುಂದಿನೆಲೆ ನೋಡುತ್ತಾನೆ. ರಾಶಿಯಲ್ಲಿ ೩೦ ಬೀಜವಿದ್ದರೆ ನಾವು ೧೦ ಇಡೋಣ. ಆತನು ೧೦ ಕೊಟ್ಟರೆ ಒಟ್ಟು ೫೦; ಐದಕ್ಕೊಮ್ಮೆ ಗೆದ್ದರೆ ಆತನಿಗೆ ಸರಿಹೋಯಿತು. ಮುಂದಿನೆಲೆ ಆಟೀನಾಗುವ ಸಂಭವವೂ ಅಷ್ಟೇ: ಉಳಿದ ೪೫ರಲ್ಲಿ ೯. ಹೀಗೆ ಪುಕ್ಕಟೆ ತಪ್ಪಿತು, ರಾಶಿಯೂ ಉಬ್ಬಲಿಲ್ಲ. ಈಗಿನ ಗಣಕಯಂತ್ರಗಳ ಲೆಕ್ಕವೂ ಇಂಥ ಫ್ಲಾಪಿನಲ್ಲಿ ಸಣ್ಣ ಪಣದತ್ತಲೇ ಒಲಿದಿದೆ.

ರಾಣಿಯ ಬದಲು ಆಟೀನು ಎಕ್ಕವೇ ನಮ್ಮಲ್ಲಿದ್ದರೆ ಮಾತೇ ಬೇರೆ. ಎದುರಾಳಿಯ ೪೫ ಕೂಟಗಳು ೩೬ಕ್ಕೆ ಇಳಿಯುತ್ತವೆ. ಉಳಿದೆರಡು ಎಲೆಗಳಲ್ಲಿ ನಮಗೇ ಎಲ್ಲಕ್ಕಿಂತ ಎತ್ತರದ ರಂಗು ಕೂಡುವ ಸಂಭವ ನೂರಕ್ಕೆ ಮೂವತ್ತೈದು. ಆಗ ಧೈರ್ಯದಿಂದ ಆಡಬಹುದು. ಎಕ್ಕವಿಲ್ಲದೆ ನಾಲ್ಕನೆಯ ಆಟೀನು ಬಿದ್ದರೆ ಮಾತ್ರ ದೊಡ್ಡ ಪಣದ ಮುಂದೆ ರಾಜನನ್ನು ಕೆಳಗಿಡುವುದೇ ಲೇಸು.

ತಮ್ಮನು ಈಗ ಸಂಬಳದಲ್ಲಿ ಅಡವಿನ ಕಂತು ಕಟ್ಟುತ್ತಿದ್ದಾನೆ. ಕಳೆದ ರಜೆಯಲ್ಲಿ ಅಮ್ಮ ಚಹಾ ತಂದಿಟ್ಟು, ಬಳೆಯಿಲ್ಲದ ಕೈಯಿಂದ ಬೀಜಗಳನ್ನು ಒತ್ತಟ್ಟಿಗೆ ಸರಿಸಿ ಹೋದರು. ನಾಲ್ಕನೆಯ ಆಟೀನು ಬಿದ್ದಿತ್ತು. ನಾವು ೪೦ ಬೀಜ ಮುಂದೆ ತಳ್ಳಿದೆವು. ತಮ್ಮನು ನಮ್ಮ ಮುಖವನ್ನೇ ನೋಡಿ, ಚಹಾ ಆರುವವರೆಗೆ ಯೋಚಿಸಿ, ರಾಜನ ಜೋಡಿಯನ್ನು ಕೆಳಗಿಟ್ಟನು. ನಮ್ಮ ಕೈಯಲ್ಲಿ ಒಂದು ಆಟೀನೂ ಇರಲಿಲ್ಲವೆಂದು ನಾವು ಹೇಳಲಿಲ್ಲ.