ಪೇತ್ರನಿಗೆ ಮೈನಸ್ ಮೂರು

ಪಿಎಚ್‌.ಡಿ.ಗೆ ಸೇರುವ ಮೊದಲು ಎರಡು ವರ್ಷ ನಾನು ನಮ್ಮ ಯಲ್ದೂರಿನ ಸುತ್ತಮುತ್ತಲ ಒಂದು ಚಿಕ್ಕ ಶಾಲೆಯಲ್ಲಿ ಏಳನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತಿದ್ದೆ. ಬಿ.ಎಡ್. ಮುಗಿಸಿ ಬಂದ ಹೊಸ ಹುರುಪು. ತರಗತಿಯನ್ನು ಆಟವಾಗಿಸಬೇಕು ಅನ್ನುವ ಮಾತು ಆಗ ಹೋದ ಹೋದ ತರಬೇತಿಗಳಲ್ಲೆಲ್ಲ ಕಿವಿಗೆ ಬೀಳುತ್ತಿತ್ತು. ಗೇಮಿಫಿಕೇಶನ್ ಅಂತ ಅದರ ಹೆಸರು. ಮೊಬೈಲ್ ಆಟಗಳಲ್ಲಿರುವ ಪಾಯಿಂಟು, ಬ್ಯಾಡ್ಜು, ಲೆವೆಲ್ಲು, ಮುಂದಿರುವವರ ಪಟ್ಟಿ ಇವನ್ನೆಲ್ಲ ಪಾಠಕ್ಕೆ ತರುವುದು. ಪಟ್ಟಣದ ಶಾಲೆಗಳಲ್ಲಿ ಕಹೂಟ್, ಕ್ಲಾಸ್‌ಡೋಜೊ ಅಂತ ಆಪ್‌ಗಳಿದ್ದವು. ನನ್ನ ಹತ್ತಿರ ಇದ್ದದ್ದು ಒಂದು ಡ್ರಾಯಿಂಗ್ ಶೀಟು, ನಾಲ್ಕು ಬಣ್ಣದ ಸ್ಕೆಚ್ ಪೆನ್ನು, ಹೊಳೆಯುವ ನಕ್ಷತ್ರದ ಸ್ಟಿಕ್ಕರುಗಳು.

ಶ್ರೀನಿವಾಸಪುರ ತಾಲ್ಲೂಕು ಎಂದರೆ ಮಾವು. ಹಾಗಾಗಿ ಮಕ್ಕಳನ್ನು ನಾಲ್ಕು ಗುಂಪು ಮಾಡಿ ಬಾದಾಮಿ, ರಸಪುರಿ, ತೋತಾಪುರಿ, ನೀಲಂ ಎಂದು ಹೆಸರಿಟ್ಟೆ. ಮಕ್ಕಳು ಕುಣಿದಾಡಿಬಿಟ್ಟರು. ಹೋಂವರ್ಕ್ ತಂದರೆ ಎರಡು ಪಾಯಿಂಟು, ಉತ್ತರ ಹೇಳಿದರೆ ಒಂದು, ಯಾರಿಗಾದರೂ ಸಹಾಯ ಮಾಡಿದರೆ ಒಂದು. ಶಾಲೆಗೆ ಬರದಿದ್ದರೆ ಗುಂಪಿಗೆ ಮೈನಸ್ ಒಂದು. ಈ ಕೊನೆಯ ನಿಯಮವನ್ನು ಬರೆಯುವಾಗ ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ. ಗೈರುಹಾಜರಿಯ ಸಮಸ್ಯೆಯನ್ನು ಇನ್ನು ಮಕ್ಕಳೇ ನೋಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ.

ಮೊದಲ ಎರಡು ವಾರ ಹಬ್ಬ. ಯಾವತ್ತೂ ಬಾಯಿ ಬಿಡದ ಹುಡುಗಿಯರು ಎದ್ದು ನಿಂತು ಉತ್ತರ ಹೇಳಿದರು. ಹೋಂವರ್ಕ್ ಪುಸ್ತಕಗಳು ಮೇಜಿನ ಮೇಲೆ ಗೋಪುರವಾದವು. ನಾನು ಚಾರ್ಟಿನ ಫೋಟೋ ತೆಗೆದು ಸ್ಟೇಟಸ್ ಹಾಕಿದೆ.

ಮೂರನೇ ವಾರ ಖೋಖೋ ಆಡುವಾಗ ಒಬ್ಬ ಬಿದ್ದು ಮೂಗಿನಿಂದ ರಕ್ತ ಬಂತು. ಇಬ್ಬರು ನೀರು ತರಲು ಓಡಿದರು. ನಾನು ಅವನ ತಲೆ ಹಿಡಿದು ಕೂತಿದ್ದೇನೆ, ನೀರು ತಂದ ಇಬ್ಬರೂ ಯಾರು ಮೊದಲು ತಂದಿದ್ದು ಅಂತ ತೆಲುಗಿನಲ್ಲಿ ಜಗಳ ಆಡುತ್ತಿದ್ದಾರೆ. ನಮ್ಮ ಕಡೆ ಮಕ್ಕಳು ಪಾಠ ಕನ್ನಡದಲ್ಲಿ ಕಲಿಯುತ್ತಾರೆ, ಜಗಳ ತೆಲುಗಿನಲ್ಲಿ ಆಡುತ್ತಾರೆ. ಕೊನೆಗೆ ಒಬ್ಬಳು ನನ್ನ ಕಡೆ ತಿರುಗಿ, “ಮಿಸ್, ನಂದೇ ಫಸ್ಟು, ರಸಪುರಿಗೆ ಹಾಕಿ” ಅಂದಳು. ಬಿದ್ದವನ ಮುಖವನ್ನು ಇಬ್ಬರೂ ನೋಡಿರಲಿಲ್ಲ.

ಆ ಮಾತು ನನಗೆ ಹೊಸದಾಗಿರಲಿಲ್ಲ. ಚಿಕ್ಕವಳಿದ್ದಾಗ ನಾನೂ ಹಾಗೇ ಕೇಳಿದವಳು.

ನಮ್ಮದು ಕ್ರೈಸ್ತ ಕುಟುಂಬ. ಭಾನುವಾರ ಬೆಳಿಗ್ಗೆ ಅಜ್ಜಿಯ ಸೆರಗು ಹಿಡಿದು ಬಸ್ಸು ಹತ್ತಿ ಕೋಲಾರದ ಸಂಡೇ ಸ್ಕೂಲಿಗೆ ಹೋಗುವುದು ವಾಡಿಕೆ. ಅಲ್ಲಿ ಸತ್ಯವೇದದ ಒಂದು ವಾಕ್ಯ ಬಾಯಿಪಾಠ ಹೇಳಿದರೆ ಒಂದು ಬಣ್ಣದ ಚೀಟಿ. ವರ್ಷದ ಕೊನೆಗೆ ಹೆಚ್ಚು ಚೀಟಿ ಇದ್ದವರಿಗೆ ಬಹುಮಾನ. ಆ ಬಹುಮಾನವನ್ನು ನಾನು ಮೂರು ವರ್ಷ ಯಾರಿಗೂ ಬಿಟ್ಟುಕೊಡಲಿಲ್ಲ. ಬಸ್ಸಿನಲ್ಲಿ, ಬಚ್ಚಲಲ್ಲಿ, ರಾಗಿ ಮುದ್ದೆ ನುಂಗುವಾಗ ಕೂಡ ವಾಕ್ಯ ಉರು ಹೊಡೆಯುತ್ತಿದ್ದೆ. ನಿನ್ನ ನೆರೆಯವನನ್ನು ಪ್ರೀತಿಸು ಅನ್ನುವ ವಾಕ್ಯ ಒಪ್ಪಿಸಿ ಚೀಟಿ ಇಸಿದುಕೊಂಡು ಬಂದು, ತಡವರಿಸಿದ ಪಕ್ಕದ ಹುಡುಗಿಯನ್ನು ನೋಡಿ ನಕ್ಕಿದ್ದು ಈಗಲೂ ನೆನಪಿದೆ.

ಈ ಚೀಟಿಗಳ ಚರಿತ್ರೆ ಬಹಳ ಹಳೆಯದು ಅಂತ ಗೊತ್ತಾಗಿದ್ದು ಸಂಶೋಧನೆಗೆ ಇಳಿದ ಮೇಲೆ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲೇ ಲಂಡನ್ನಿನ ಬಡ ಮಕ್ಕಳ ಶಾಲೆಯಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಅನ್ನುವ ಮೇಷ್ಟ್ರು ಚೆನ್ನಾಗಿ ಓದುವವರಿಗೆ ಬ್ಯಾಡ್ಜು, ಟಿಕೆಟ್ಟು ಕೊಡುತ್ತಿದ್ದರು. ಟಿಕೆಟ್ಟು ಸೇರಿಸಿದರೆ ಬಹುಮಾನ. ಅದೇ ಮೇಷ್ಟ್ರು ತಪ್ಪು ಮಾಡಿದ ಮಕ್ಕಳನ್ನು ಬುಟ್ಟಿಯಲ್ಲಿ ಕೂರಿಸಿ ಎಲ್ಲರ ಕಣ್ಣಿಗೆ ಬೀಳುವಂತೆ ಮೇಲೆ ತೂಗುಹಾಕಿಸುತ್ತಿದ್ದರು. ಮಾರ್ಕ್ ಟ್ವೈನ್ 1876ರಲ್ಲಿ ಬರೆದ ‘ಟಾಮ್ ಸಾಯರ್’ ಕಾದಂಬರಿಯಲ್ಲಿ ಸಂಡೇ ಸ್ಕೂಲಿನ ಚೀಟಿಗಳದ್ದೇ ಒಂದು ಪ್ರಸಂಗವಿದೆ. ಎರಡು ಸಾವಿರ ವಾಕ್ಯ ಬಾಯಿಪಾಠ ಮಾಡಿ ಅಷ್ಟು ಚೀಟಿ ಸೇರಿಸಿದವರಿಗೆ ಒಂದು ಬೈಬಲ್ ಬಹುಮಾನ. ಟಾಮ್ ತನ್ನ ಹತ್ತಿರ ಇದ್ದ ಹಾಳುಮೂಳು ಸಾಮಾನು ಕೊಟ್ಟು ಬೇರೆ ಹುಡುಗರಿಂದ ಚೀಟಿ ಕೊಂಡುಕೊಂಡು ಬಹುಮಾನ ಹೊಡೆಯುತ್ತಾನೆ. ಬಂದ ಅತಿಥಿ ಹೆಮ್ಮೆಯಿಂದ, ಯೇಸುವಿನ ಮೊದಲ ಇಬ್ಬರು ಶಿಷ್ಯರ ಹೆಸರು ಹೇಳಪ್ಪಾ ಅಂತ ಕೇಳಿದರೆ, ದಾವೀದ ಮತ್ತು ಗೊಲ್ಯಾತ ಅಂದುಬಿಡುತ್ತಾನೆ. ನಾನು ಅದನ್ನು ಓದಿ ನಕ್ಕೆ. ಆಮೇಲೆ ನನ್ನ ಮೂರು ಬಹುಮಾನಗಳು ನೆನಪಾದವು. ಹೆಸರು ನಾನು ಸರಿಯಾಗಿ ಹೇಳುತ್ತಿದ್ದೆ, ಅಷ್ಟೇ ವ್ಯತ್ಯಾಸ.

ಶಾಲೆಯ ಕಥೆಗೆ ಬರುತ್ತೇನೆ. ಮೂಗಿನ ರಕ್ತದ ಪ್ರಸಂಗ ಆದ ಮೇಲೂ ನಾನು ಚಾರ್ಟು ತೆಗೆಯಲಿಲ್ಲ. ಚಾರ್ಟು ಇದ್ದರೆ ತರಗತಿ ನಿಶ್ಶಬ್ದವಾಗಿರುತ್ತಿತ್ತು, ನಿಜ ಹೇಳಬೇಕೆಂದರೆ ಅದು ನನಗೆ ಬೇಕಾಗಿತ್ತು.

ಜೂನ್ ಬಂತು. ನಮ್ಮ ಕಡೆ ಶಾಲೆ ಶುರುವಾಗುವುದಕ್ಕೂ ಮಾವಿನ ಕೊಯ್ಲು ಜೋರಾಗುವುದಕ್ಕೂ ಒಂದೇ ಹೊತ್ತು. ಹೊಸ ವರ್ಷದ ಏಳನೇ ತರಗತಿಗೆ ಹೊಸ ಚಾರ್ಟು ಹಾಕಿದ್ದೆ. ನೀಲಂ ಗುಂಪಿನಲ್ಲಿ ಒಬ್ಬ ಹುಡುಗನಿದ್ದ. ಅವರಪ್ಪ ತೋಟಗಳಲ್ಲಿ ಕಾಯಿ ಕೀಳುವ, ಮಂಡಿಯಲ್ಲಿ ಮೂಟೆ ಹೊರುವ ಕೂಲಿ. ಕೊಯ್ಲಿನ ದಿನಗಳಲ್ಲಿ ಮಗನೂ ಜೊತೆಗೆ ಹೋಗುತ್ತಿದ್ದ. ವಾರಕ್ಕೆ ಎರಡು ದಿನ ಬಂದರೆ ಹೆಚ್ಚು. ಅವನು ಬರದ ದಿನವೆಲ್ಲ ನೀಲಂ ಸಾಲಿನಲ್ಲಿ ನಾನು ಕೆಂಪು ಪೆನ್ನಿನಲ್ಲಿ ಒಂದು ಗೆರೆ ಎಳೆಯುತ್ತಿದ್ದೆ.

“ಮಿಸ್, ಅವನನ್ನ ಬೇರೆ ಗುಂಪಿಗೆ ಹಾಕ್ಬಿಡಿ. ಅವನಿಂದ ನಮ್ಗೆ ಲಾಸು” ಅಂತ ನೀಲಂ ಲೀಡರು ದಿನಾ ಬಂದು ಹೇಳುತ್ತಿದ್ದ. ನಾನು ಅವನನ್ನು ಗದರಿಸಿ ಕಳಿಸಿದೆ. ಒಂದು ಸೋಮವಾರ ಆ ಹುಡುಗ ಬಂದಾಗ ಬೆಂಚಿನಲ್ಲಿ ಯಾರೂ ಜಾಗ ಬಿಡಲಿಲ್ಲ. ಅವನು ಹಿಂದೆ ಗೋಡೆಗೆ ಒರಗಿ ನೆಲದ ಮೇಲೆ ಕೂತ. ಮಾರನೆ ದಿನದಿಂದ ಬರುವುದನ್ನೇ ಬಿಟ್ಟ.

ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ ಶ್ರೀನಿವಾಸಪುರಕ್ಕೆ ಹೋದೆ. ಸೀಸನ್ನಿನಲ್ಲಿ ಮಂಡಿಗಳನ್ನು ನೋಡಿದವರಿಗೆ ಗೊತ್ತು, ತೋತಾಪುರಿಯ ಗುಡ್ಡಗಳ ನಡುವೆ ಮನುಷ್ಯರು ಚಿಕ್ಕದಾಗಿ ಕಾಣುತ್ತಾರೆ. ಅವನು ಒಂದು ರಾಶಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಕಲೆ ಇರುವ ಕಾಯಿಗಳನ್ನು ಬೇರೆ ಮಾಡುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತು ಚಡ್ಡಿಗೆ ಕೈ ಒರೆಸಿಕೊಂಡ. ನಾನು ಏನು ಮಾತಾಡಬೇಕು ಅಂತ ಬಸ್ಸಿನಲ್ಲಿ ಯೋಚಿಸಿಕೊಂಡು ಬಂದಿದ್ದೆ. ಅದಕ್ಕೆ ಮೊದಲು ಅವನೇ ಕೇಳಿದ.

“ಮಿಸ್, ನಂದು ಎಷ್ಟು ಮೈನಸ್ ಆಯ್ತು?”

ಹನ್ನೊಂದು. ಸಂಖ್ಯೆ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಲಿಲ್ಲ. ಅಷ್ಟರಲ್ಲಿ ಅವರಪ್ಪ ಬಂದು, “ಇನ್ನ ಹದಿನೈದು ದಿನ ಮೇಡಂ. ಕಾಯಿ ಮುಗೀತಿದ್ದಂಗೆ ಕಳಿಸ್ಬಿಡ್ತೀನಿ” ಎಂದು ಒಂದು ಚೀಲಕ್ಕೆ ಹಣ್ಣು ತುಂಬಿಸಿ ಕೊಟ್ಟರು. ಬೇಡ ಅಂದರೂ ಬಿಡಲಿಲ್ಲ.

ರಾತ್ರಿ ಅಜ್ಜಿಗೆ ಸತ್ಯವೇದ ಓದಿ ಹೇಳುವುದು ಮನೆಯಲ್ಲಿ ನನ್ನ ಪಾಲಿನ ಕೆಲಸ. ಅಜ್ಜಿಗೆ ಕಣ್ಣು ಮಂಜಾಗಿದೆ. 1876–78ರ ಮಹಾಬರದಲ್ಲಿ ದಿಕ್ಕಿಲ್ಲದ ಮಕ್ಕಳನ್ನು ಮಿಸ್ ಆನ್‌ಸ್ಟೀ ಎಂಬ ಇಂಗ್ಲಿಷ್ ಹೆಂಗಸು ಕೋಲಾರದಲ್ಲಿ ಕೂಡಿಸಿಕೊಂಡು ಸಾಕಿದರಲ್ಲ, ಅಂಥ ಮಕ್ಕಳಲ್ಲಿ ಒಬ್ಬರು ತನ್ನ ಮುತ್ತಾತ ಅಂತ ಅಜ್ಜಿ ಹೇಳುತ್ತಾರೆ. ಅವತ್ತು ಅವರು, “ಮೀನಿಂದು ಓದವ್ವಾ” ಅಂದರು. ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯ.

ಕ್ರೈಸ್ತರಲ್ಲದ ಓದುಗರಿಗೆ ಕಥೆ ಹೇಳಬೇಕು. ಪೇತ್ರ ಯೇಸುವಿನ ಮುಖ್ಯ ಶಿಷ್ಯ. ಗುರುವನ್ನು ಹಿಡಿದುಕೊಂಡು ಹೋದ ರಾತ್ರಿ, ನೀನೂ ಅವನ ಜೊತೆಯವನಲ್ಲವಾ ಎಂದು ಜನ ಕೇಳಿದಾಗ, ನನಗೆ ಆ ಮನುಷ್ಯ ಗೊತ್ತೇ ಇಲ್ಲ ಅಂತ ಮೂರು ಸಲ ಹೇಳಿದವನು. ಯೇಸು ಸತ್ತು ಮತ್ತೆ ಎದ್ದ ಮೇಲೆ, ಪೇತ್ರ ರಾತ್ರಿಯೆಲ್ಲ ಬಲೆ ಬೀಸಿ ಏನೂ ಸಿಗದೆ ಕೂತಿದ್ದಾನೆ. ಬೆಳಗಿನ ಜಾವ ಕೆರೆಯ ದಡದಲ್ಲಿ ಯೇಸು ಕೆಂಡ ಮಾಡಿ ಮೀನು ಸುಡುತ್ತಿದ್ದಾರೆ. ಬನ್ನಿ, ತಿನ್ನಿ ಎಂದು ಕರೆಯುತ್ತಾರೆ. ತಿಂದಾದ ಮೇಲೆ ಪೇತ್ರನಿಗೆ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳುತ್ತಾರೆ, ನನ್ನ ಮೇಲೆ ಪ್ರೀತಿ ಇದೆಯಾ ಅಂತ. ಮೂರು ಸಲವೂ ಅವನಿಗೆ ಒಪ್ಪಿಸುವುದು ಒಂದೇ ಕೆಲಸ, ತನ್ನ ಕುರಿಗಳನ್ನು ನೋಡಿಕೊಳ್ಳುವುದು.

ಅಧ್ಯಾಯ ಮುಗಿದ ಮೇಲೆ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಮೊದ್ಲು ಊಟಕ್ಕೆ ಕರ್ದ ನೋಡು. ಕೇಳಿದ್ದು ಆಮೇಲೆ.”

ಅಜ್ಜಿ ಈ ಮಾತನ್ನು ಮೊದಲೂ ಹೇಳಿರಬಹುದು. ಅವತ್ತು ನನ್ನ ಮುಂದೆ ಚಾರ್ಟು ಬಂದು ನಿಂತಿತು. ನನ್ನ ಲೆಕ್ಕದಲ್ಲಿ ಪೇತ್ರನಿಗೆ ಮೈನಸ್ ಮೂರು. ಅವನು ಆ ದಡಕ್ಕೆ ಬರುತ್ತಲೇ ಇರಲಿಲ್ಲ. ಬಂದಿದ್ದರೂ ಉಳಿದ ಶಿಷ್ಯರು ಕೂರಲು ಜಾಗ ಬಿಡುತ್ತಿರಲಿಲ್ಲ.

ಕನ್ನಡದಲ್ಲಿ ನಮಗೊಂದು ಅನುಕೂಲವಿದೆ. ಶಾಲೆಯಲ್ಲಿ ಕಲಿಯುವವನೂ ಶಿಷ್ಯ, ಗುರುವಿನ ಹಿಂದೆ ಮನೆಮಠ ಬಿಟ್ಟು ಹೋದವನೂ ಶಿಷ್ಯ. ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲೂ ಹಾಗೇ, ಆ ಪದಕ್ಕೆ ಮೂಲದಲ್ಲಿ ಕಲಿಯುವವನು ಅಂತಲೇ ಅರ್ಥ. ಯೇಸುವಿನ ಶಿಷ್ಯರನ್ನು ನೋಡಿದರೆ ಒಬ್ಬರೂ ಅರ್ಹತಾ ಪರೀಕ್ಷೆ ಪಾಸಾದವರಲ್ಲ. ಕರೆದದ್ದು ಮೊದಲು, ಕಲಿತದ್ದು ಆಮೇಲೆ, ಅದೂ ತಪ್ಪು ಮಾಡುತ್ತಾ ಮಾಡುತ್ತಾ. ಯಾರು ದೊಡ್ಡವರು ಅಂತ ಅವರೂ ಜಗಳ ಆಡಿದರು, ನನ್ನ ರಸಪುರಿಯವರ ಹಾಗೆ. ಪಾಯಿಂಟಿನ ಆಟದಲ್ಲಿ ಸೇರಿಸಿಕೊಳ್ಳುವುದು ಕೊನೆಗೆ ಸಿಗುವ ಬಹುಮಾನ. ಶಿಷ್ಯತ್ವದಲ್ಲಿ ಅದೇ ಮೊದಲ ಮೆಟ್ಟಿಲು.

ಒಂದು ಮಾತು ಸ್ಪಷ್ಟ ಮಾಡುತ್ತೇನೆ. ನನ್ನ ತರಗತಿಯಲ್ಲಿದ್ದವರು ಹಿಂದೂ, ಮುಸ್ಲಿಂ ಮಕ್ಕಳು. ಅವರ ಮುಂದೆ ನಾನು ಯಾವತ್ತೂ ಯೇಸುವಿನ ಮಾತು ಎತ್ತಿಲ್ಲ, ಎತ್ತುವುದು ನನ್ನ ಕೆಲಸವೂ ಅಲ್ಲ. ಈ ಪಾಠ ಮಕ್ಕಳಿಗೆ ಇದ್ದದ್ದಲ್ಲ, ಅವರ ಮಿಸ್ಸಿಗೆ.

ಸೋಮವಾರ ಬೆಳಿಗ್ಗೆ ಮಕ್ಕಳು ಬರುವ ಮೊದಲು ಚಾರ್ಟು ಇಳಿಸಿದೆ. ಗಲಾಟೆ ಆಯಿತು. ಮುಂದಿದ್ದ ಬಾದಾಮಿ ಗುಂಪಿನವರು ಇದು ಅನ್ಯಾಯ ಅಂದರು, ಅವರ ದೃಷ್ಟಿಯಲ್ಲಿ ಅದು ಅನ್ಯಾಯವೇ. ದ್ರಾಕ್ಷಿ ತೋಟದ ಸಾಮ್ಯದಲ್ಲಿ ಬೆಳಿಗ್ಗೆಯಿಂದ ದುಡಿದವರು, ಸಂಜೆ ಒಂದು ಗಂಟೆ ದುಡಿದವನಿಗೂ ಅಷ್ಟೇ ಕೂಲಿ ಕೊಟ್ಟಾಗ ಗೊಣಗುತ್ತಾರಲ್ಲ, ಆ ಗೊಣಗಾಟವನ್ನು ನಾನು ಅವತ್ತು ಕಿವಿಯಾರೆ ಕೇಳಿದೆ. ಮಕ್ಕಳಿಗೆ ನಾನು ಹೇಳಿದ್ದು ಇಷ್ಟೇ: ನಿಯಮ ಮಾಡಿದ್ದು ನಾನು, ತಪ್ಪೂ ನನ್ನದೇ.

ಆಟ ಬಿಡಲಿಲ್ಲ. ಆಟದಲ್ಲಿ ತಪ್ಪಿಲ್ಲ, ತಪ್ಪಿದ್ದದ್ದು ಪಟ್ಟಿಯಲ್ಲಿ. ನಮ್ಮ ರಾಜ್ಯದ ನಲಿ-ಕಲಿ ಇದಕ್ಕೆ ಒಳ್ಳೆಯ ಸಾಕ್ಷಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಆ ಪದ್ಧತಿಗೆ ಪ್ರೇರಣೆ ಸಿಕ್ಕಿದ್ದು ಋಷಿವ್ಯಾಲಿಯ ಹಳ್ಳಿ ಶಾಲೆಗಳಿಂದ. ಋಷಿವ್ಯಾಲಿ ಇರುವುದು ನಮ್ಮ ತಾಲ್ಲೂಕಿನ ಗಡಿ ದಾಟಿದರೆ ಸಿಗುವ ಮದನಪಲ್ಲಿಯ ಹತ್ತಿರ. ನಲಿ-ಕಲಿಯಲ್ಲೂ ಕಾರ್ಡುಗಳಿವೆ, ಏಣಿ ಇದೆ, ಹಾಡು ಕುಣಿತ ಇದೆ. ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ನಾಲ್ಕು ದಿನ ಬಾರದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಮೈನಸ್ ಅನ್ನುವುದಕ್ಕೆ ಅಲ್ಲಿ ಜಾಗವೇ ಇಲ್ಲ.

ಈಗ ಓದುವ ಕೆಲಸದಲ್ಲಿ ಒಂದು ಪ್ರಯೋಗದ ವಿವರಕ್ಕೆ ಮತ್ತೆ ಮತ್ತೆ ಹೋಗುತ್ತೇನೆ. 1973ರಲ್ಲಿ ಅಮೆರಿಕದ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಚಿತ್ರ ಬರೆಯುವುದನ್ನು ಇಷ್ಟಪಡುವ ಪುಟ್ಟ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ, ಬರೆದರೆ ಬಹುಮಾನ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆ ಕೊನೆಯಲ್ಲಿ ಕೊಟ್ಟರು. ಮೂರನೆಯದಕ್ಕೆ ಏನೂ ಕೊಡಲಿಲ್ಲ. ಕೆಲವು ದಿನ ಬಿಟ್ಟು ನೋಡಿದರೆ, ಮೊದಲೇ ಮಾತು ಕೊಟ್ಟ ಗುಂಪಿನ ಮಕ್ಕಳು ಚಿತ್ರ ಬರೆಯುವ ಹೊತ್ತು ಉಳಿದವರ ಅರ್ಧದಷ್ಟಕ್ಕೆ ಇಳಿದಿತ್ತು. ಹೇಳದೆ ಕೊಟ್ಟ ಬಹುಮಾನದಿಂದ ಆಸಕ್ತಿ ಕೆಡಲಿಲ್ಲ. ದುಡಿಯದೆ, ನಿರೀಕ್ಷಿಸದೆ ಸಿಕ್ಕಿದ್ದಕ್ಕೆ ನಮ್ಮ ಸಭೆಯಲ್ಲಿ ಕೃಪೆ ಅನ್ನುತ್ತಾರೆ. ಪ್ರಬಂಧದಲ್ಲಿ ಆ ಪದ ಬಳಸಲು ಆಗುವುದಿಲ್ಲ.

ಚಾರ್ಟಿದ್ದ ಜಾಗದಲ್ಲಿ ಒಂದು ಗಾಜಿನ ಡಬ್ಬ ಇಟ್ಟೆ. ಯಾರೇ ಹೊಸದೊಂದು ವಿಷಯ ತಿಳಿದುಕೊಂಡು ಎಲ್ಲರಿಗೂ ಹೇಳಿದರೆ ಒಂದು ಹುಣಸೆ ಬೀಜ ಹಾಕುವುದು. ಬೀಜದ ಮೇಲೆ ಯಾರ ಹೆಸರೂ ಇಲ್ಲ. ಡಬ್ಬ ತುಂಬಿದ ದಿನ ಪಾಠಕ್ಕೆ ರಜ, ಎಲ್ಲರೂ ಸೇರಿ ಕೆರೆ ಏರಿಯ ಮೇಲೆ ನಡೆದು ಬರುವುದು. ತರಗತಿ ಮೊದಲಿನಷ್ಟು ನಿಶ್ಶಬ್ದವಾಗಿರಲಿಲ್ಲ. ಹೋಂವರ್ಕ್ ಗೋಪುರವೂ ಕುಸಿಯಿತು.

ಜುಲೈನಲ್ಲಿ ಆ ಹುಡುಗ ಬಂದ. ನಾನು ಏನೂ ಕೇಳಲಿಲ್ಲ. ಅವನು ಗೋಡೆಯ ಕಡೆ ಹೋಗುವುದನ್ನು ನೋಡಿ ನೀಲಂ ಲೀಡರು ಒಂದು ಕ್ಷಣ ನನ್ನ ಮುಖ ನೋಡಿದ, ಆಮೇಲೆ ಬೆಂಚಿನಲ್ಲಿ ಸರಿದುಕೂತ. ವಾರ ಕಳೆದ ಮೇಲೆ ಗಿಡದ ಭಾಗಗಳ ಪಾಠ ಮಾಡುತ್ತಿದ್ದಾಗ ಅವನು ಕೈ ಎತ್ತಿದ. ಮಾವಿನಕಾಯಿಯನ್ನು ತೊಟ್ಟು ಬಿಟ್ಟು ಕೀಳಬಾರದು, ತೊಟ್ಟು ಮುರಿದರೆ ಸೊನೆ ಚಿಮ್ಮುತ್ತದೆ, ಸೊನೆ ತಾಗಿದ ಕಡೆ ಸಿಪ್ಪೆ ಸುಟ್ಟು ಕಪ್ಪಾಗುತ್ತದೆ, ಅಂಥ ಕಾಯಿಗೆ ಮಂಡಿಯಲ್ಲಿ ರೇಟಿಲ್ಲ ಅಂದ. ಅಂಗೈ ಮುಂದೆ ಮಾಡಿ ಸೊನೆಯಿಂದ ಆದ ಕಲೆ ತೋರಿಸಿದ. ಹುಟ್ಟಿದಾಗಿನಿಂದ ಮಾವು ತಿಂದು ಬೆಳೆದ ನನಗೆ ಅದು ಗೊತ್ತಿರಲಿಲ್ಲ. ಬೀಜ ಯಾರು ಹಾಕಬೇಕು ಅಂತ ಮಕ್ಕಳು ಕೇಳಿದರು. ಹೊಸದಾಗಿ ಕಲಿತವಳು ನಾನು, ಹೇಳಿದವನು ಅವನು. ಇಬ್ಬರೂ ಒಂದೊಂದು ಹಾಕಿದೆವು.

ಆ ಚಾರ್ಟನ್ನು ನಾನು ಹರಿದು ಹಾಕಲಿಲ್ಲ. ಸುರುಳಿ ಸುತ್ತಿ ಇಟ್ಟಿದ್ದೇನೆ. ಮಾರ್ಗದರ್ಶಕರು ದತ್ತಾಂಶ ಎಲ್ಲಿ ಅಂತ ಕೇಳಿದಾಗಲೆಲ್ಲ ನೀಲಂ ಸಾಲಿನ ಆ ಹನ್ನೊಂದು ಕೆಂಪು ಗೆರೆಗಳು ನೆನಪಾಗುತ್ತವೆ.